ಕ್ರಮಸಂಖ್ಯೆ ಒಂದು, ಕೊಳಲಿನ ತಾತ

“ಈ ಬೇಸಿಗೆಯ ಐದೂ ಭಾನುವಾರ ಸಂಗೀತಕ್ಕೆ ಮೀಸಲು! ಗೋಡೆ, ಬಣ್ಣ, ಬ್ರಷ್ಷು ಯಾವುದೂ ನನ್ನ ಹತ್ತಿರ ಸುಳಿಯಕೂಡದು!”

ಚಿತ್ರಗುಪ್ತ ಹೀಗೆ ಘೋಷಿಸಿದ್ದು ಕಾಫಿ ಲೋಟವನ್ನು ಗದೆಯಂತೆ ಎತ್ತಿ ಹಿಡಿದು. ಯಮಧರ್ಮನ ಆಸ್ಥಾನದ ಚಿತ್ರಗುಪ್ತ ಇವನಲ್ಲ. ಇವನು ಪಿಂಚಣಿ ಆಫೀಸಿನ ಗುಮಾಸ್ತ, ವಯಸ್ಸು ಮೂವತ್ತೊಂದು. ನಿವೃತ್ತರು ತಾವಿನ್ನೂ ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಬರೆದುಕೊಡುವ ‘ಜೀವಂತ ಪ್ರಮಾಣಪತ್ರ’ಗಳನ್ನು ಪರಿಶೀಲಿಸುವುದು ಅವನ ಕೆಲಸ. ಎದುರಿಗೆ ಕೆಮ್ಮುತ್ತ ನಿಂತ ಮುದುಕರನ್ನೂ “ನೀವು ಬದುಕಿದ್ದೀರಿ ಅನ್ನೋದಕ್ಕೆ ಆಧಾರ ಏನು?” ಎಂದು ಕೇಳುವಷ್ಟು ನಿಷ್ಠಾವಂತ. ಸಹೋದ್ಯೋಗಿಗಳು ಸುಮ್ಮನೆ ಇಟ್ಟ ಹೆಸರಲ್ಲ ಅದು.

ಅವನ ಹೆಂಡತಿ ಶಾಲೆಯ ಟೀಚರಮ್ಮ. ಆ ದಿನದ ಭಾನುವಾರ ಬಿಟ್ಟರೆ ಶಾಲೆ ತೆರೆಯುವುದಕ್ಕೆ ಉಳಿದಿದ್ದವು ಐದೇ ಭಾನುವಾರ. ಅಷ್ಟರಲ್ಲಿ ಮನೆಯ ಎರಡು ಕೋಣೆಗಳಿಗೆ ಬಣ್ಣ ಬಳಿದು ಮುಗಿಸಬೇಕೆಂದು ಅವಳು ಮೂರು ಡಬ್ಬ ತಂದು ನಡುಮನೆಯಲ್ಲಿ ಇಟ್ಟಿದ್ದಳು. ಹದಿನೈದು ದಿನದಿಂದ ಗಂಡ ಆ ಡಬ್ಬಗಳನ್ನು ಬಳಸಿಕೊಂಡು ಓಡಾಡುತ್ತಿದ್ದನೇ ಹೊರತು ಬಳಸಿರಲಿಲ್ಲ.

“ವಾರವೆಲ್ಲ ಆ ಕಚೇರಿ, ಭಾನುವಾರ ಈ ಕಚೇರಿ. ಗೋಡೆ ಕಡೆ ನೋಡೋದು ಯಾವಾಗ ರೀ?”

“ಗೋಡೆ ಎಲ್ಲಿಗೂ ಹೋಗಲ್ಲ ಕಣೇ! ವಿದ್ವಾಂಸರು ಹೋಗ್ತಾರೆ! ಇರೋವಾಗಲೇ ಕೇಳ್ಕೋಬೇಕು!”

ಎಷ್ಟು ಭವ್ಯವಾದ ಮಾತು! ತನ್ನ ಮಾತಿಗೆ ತಾನೇ ತಲೆದೂಗಿ, ಅವನು ಜೇಬಿನಿಂದ ಒಂದು ಕಾಗದ ತೆಗೆದ. ಆ ಮಹಾನಗರದಲ್ಲಿ ಬೇಸಿಗೆ ಬಂತೆಂದರೆ ಏಳು ಉದ್ಯಾನಗಳಲ್ಲಿ ಒಂದೇ ಹೊತ್ತಿಗೆ ಏಳು ಕಚೇರಿ, ಏಳೂ ಕಡೆ ಹಣ್ಣುಹಣ್ಣಾದ ವಿದ್ವಾಂಸರು. ಯಾರನ್ನು ಕೇಳುವುದು, ಯಾರನ್ನು ಬಿಡುವುದು? ಬೇರೆಯವರಾಗಿದ್ದರೆ ರುಚಿ ನೋಡಿ ಆರಿಸುತ್ತಿದ್ದರು. ನಮ್ಮ ಗುಮಾಸ್ತ ಜ್ಯೇಷ್ಠತಾ ಪಟ್ಟಿ ತಯಾರಿಸಿದ್ದ!

ಆಫೀಸಿನ ನಮೂನೆಯಲ್ಲೇ ಇತ್ತು. ಕ್ರಮಸಂಖ್ಯೆ, ವಿದ್ವಾಂಸರು, ವಯಸ್ಸು, ಕಾಯಿಲೆ, ಷರಾ. ಕೆಳಗೆ ಅವನ ಸಹಿಯೂ ಇತ್ತು, ಅಭ್ಯಾಸಬಲ.

“ಊದುವವರು ಮೊದಲು,” ಎಂದು ವಿವರಿಸಿದ. “ಉಸಿರಿನ ಪ್ರಶ್ನೆ ನೋಡು. ಆಮೇಲೆ ಹಾಡುವವರು, ಆಮೇಲೆ ಮೀಟುವವರು. ಬಡಿಯುವವರು ಕೊನೆಗೆ. ದಿನಾ ವ್ಯಾಯಾಮ ಆಗುತ್ತೆ, ಗಟ್ಟಿ ಪಿಂಡಗಳು.”

ಟೀಚರಮ್ಮ ಗಟ್ಟಿಯಾಗಿ ಓದಿದಳು. “ಒಂದು, ಕೊಳಲಿನ ತಾತ. ಎಂಬತ್ತಾರು. ಮೊಣಕಾಲು, ಉಸಿರು. ಷರಾ: ತುರ್ತು, ಮುಂದಿನ ವರ್ಷ ಸಿಗುತ್ತಾರೋ ಇಲ್ಲವೋ... ನಾಲ್ಕು, ದೊಡ್ಡ ಗಾಯಕಿ. ಎಂಬತ್ತು. ಷರಾ: ಇನ್ನೆರಡು ಬೇಸಿಗೆ ತಡೆಯಬಹುದು.” ಅವಳು ತಲೆಯೆತ್ತಿದಳು. “ರೀ, ಇದು ಕಚೇರಿ ಪಟ್ಟಿನೋ, ಸಂತಾಪ ಸಭೆ ಪಟ್ಟಿನೋ?”

“ರಸಿಕತನಕ್ಕೂ ಒಂದು ಶಿಸ್ತು ಬೇಕು!”

“ರಸಿಕರು! ಹೋದ ವರ್ಷ ಅರ್ಧ ಗಂಟೆಗೇ ಕಾಲು ಜೋಮು ಹಿಡೀತು ಅಂತ ಎದ್ದು ಬಂದೋರು ಯಾರು? ಒಂದು ಷರತ್ತು. ಇವತ್ತು ಸಂಜೆ ಕೊನೇ ಚಪ್ಪಾಳೆವರೆಗೂ ಕುರ್ಚಿಯಿಂದ ಏಳದೆ ಕೂತ್ಕೊಳ್ಳಿ. ಗೆದ್ದರೆ ಐದೂ ಭಾನುವಾರ ನಿಮ್ದು. ಎದ್ದರೆ ಐದೂ ಭಾನುವಾರ ನನ್ನ ಗೋಡೇದು.”

“ಒಪ್ಪಿದೆ!” ಎಂದ ಚಿತ್ರಗುಪ್ತ. ಷರತ್ತನ್ನು ಪೂರ್ತಿ ಓದದೆ ಸಹಿ ಹಾಕುವವರನ್ನು ಆಫೀಸಿನಲ್ಲಿ ಅವನೇ ದಿನಾ ಬೈಯುತ್ತಿದ್ದ.

ಸಂಜೆ ನಾಲ್ಕೂವರೆಗೆ ಉದ್ಯಾನ ಕಾದ ಕಾವಲಿಯಂತಿತ್ತು. ನೆರಳಿದ್ದದ್ದು ವೇದಿಕೆಗೆ ಮಾತ್ರ. ರಸಿಕರಿಗೆ ಬಿಸಿಲಲ್ಲಿ ಕಾದ ಪ್ಲಾಸ್ಟಿಕ್ ಕುರ್ಚಿ. ಟೀಚರಮ್ಮ ಅಗಲ ಅಂಚಿನ ಟೋಪಿ ಹಾಕಿ ನೀರಿನ ಬಾಟಲಿ ಹಿಡಿದಿದ್ದಳು. ಅವನು ಮದುವೆಗೆ ಹೊಲಿಸಿದ ಉಣ್ಣೆಯ ಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದ.

“ಒಂದು ಗುಟುಕು ನೀರು ಕುಡೀರಿ.”

“ನಾದದ ಮುಂದೆ ನೀರೇ? ಛೆ!”

ಹನ್ನೆರಡನೆಯ ಸಾಲಿನಲ್ಲಿ ಕುಳಿತ. ಪಕ್ಕದಲ್ಲಿ ಬೋಳುತಲೆಯ ಹಿರಿಯರೊಬ್ಬರು ಕಡಲೆಕಾಯಿ ಬಿಡಿಸುತ್ತಿದ್ದರು. ಚಿತ್ರಗುಪ್ತ ಧ್ವನಿ ತಗ್ಗಿಸಿ, “ಇದೇ ಇವರ ಕೊನೇ ಕಚೇರಿ ಇರಬೌದು ಅಲ್ವಾ ಸಾರ್?” ಎಂದ.

“ಹೌದಪ್ಪಾ, ಅದಕ್ಕೇ ಬಂದೆ,” ಎಂದರು ಬೋಳುತಲೆಯವರು. “ಹದಿನಾಲ್ಕು ವರ್ಷದಿಂದ ಇವರ ಕೊನೇ ಕಚೇರಿ ಕೇಳ್ತಾ ಇದೀನಿ. ಮೊದಲೆಲ್ಲ ನಾವು ಆರು ಜನ ಸ್ನೇಹಿತರು ಬರ್ತಿದ್ವಿ. ಈಗ ನಾನೊಬ್ಬನೇ.”

ಅಷ್ಟರಲ್ಲಿ ತಾತ ವೇದಿಕೆಗೆ ಬಂದರು. ಕಡ್ಡಿಯಂಥ ದೇಹ, ಬೆಳ್ಳಗಿನ ಹುಬ್ಬು, ಎಡಕ್ಕೂ ಬಲಕ್ಕೂ ತೋಳು ಹಿಡಿದ ಇಬ್ಬರು ಶಿಷ್ಯರು. “ಪಾಪ!” ಎಂದು ಉದ್ಯಾನಕ್ಕೆ ಉದ್ಯಾನವೇ ನಿಟ್ಟುಸಿರಿಟ್ಟಿತು. ಚಿತ್ರಗುಪ್ತನಿಗೆ ತನ್ನ ಪಟ್ಟಿಯ ಬಗ್ಗೆ ಹೆಮ್ಮೆಯಾಯಿತು. ತಾತ ಕೊಳಲಿಗೆ ತುಟಿ ಹಚ್ಚಿದರು. ಒಂದು ಸ್ವರ ಹೊರಟಿತು. ಹೊರಟಿದ್ದು ಹೋಗುತ್ತಲೇ ಇತ್ತು! ಕಾಗೆಗಳು ಸುಮ್ಮನಾದವು, ಐಸ್‌ಕ್ರೀಮಿನವನ ಗಂಟೆ ನಿಂತಿತು. ಜೊತೆಗೆ ತಾನೂ ಉಸಿರು ಹಿಡಿದು ಅಳೆಯಲು ಹೋದ ಚಿತ್ರಗುಪ್ತ ಅರ್ಧ ದಾರಿಯಲ್ಲಿ ಕೆಮ್ಮಿದ.

“ಶ್!” ಎಂದರು ಬೋಳುತಲೆಯವರು.

ಒಂದು ಗಂಟೆಯಾಯಿತು. ಕೋಟಿನ ಒಳಗೆ ತೊರೆಗಳು ಹುಟ್ಟಿ ನದಿಗಳಾಗಿ ಸಾಕ್ಸಿಗೆ ಸೇರುತ್ತಿದ್ದವು. ಆದರೂ ವೀರ ಕದಲಲಿಲ್ಲ. ಆಗ ನಿರೂಪಕಿ ಮೈಕಿಗೆ ಬಂದು, “ಕೋರಿಕೆಗಳಿದ್ದರೆ ಚೀಟಿಯಲ್ಲಿ ಬರೆದು ಮುಂದಕ್ಕೆ ಕಳಿಸಿ, ಗುರುಗಳೇ ಓದಿ ನುಡಿಸುತ್ತಾರೆ” ಎಂದಳು. ಚಿತ್ರಗುಪ್ತನ ಮುಖ ಅರಳಿತು. ಹೆಂಡತಿ ಅಡುಗೆಮನೆಯಲ್ಲಿ ಗುನುಗುವ ಹಳೆಯ ಜೋಗುಳವೊಂದನ್ನು ಮನೆಯಲ್ಲೇ ಬರೆದು ತಂದಿದ್ದ. ಅವಳ ಕೋಪ ಇಳಿಸಲು ಇಂಥದೊಂದು ಬಾಣ ಬತ್ತಳಿಕೆಯಲ್ಲಿ ಇರಲೇಬೇಕಲ್ಲ! ಮಡಿಸಿದ ಕಾಗದ ತೆಗೆದು ಮುಂದಿನ ಸಾಲಿಗೆ ಕೊಟ್ಟ. ಅದು ಕೈಯಿಂದ ಕೈಗೆ ಹೊರಟಿತು.

ಬೆವರು ಒರೆಸಲು ಕರ್ಚೀಫಿಗಾಗಿ ಜೇಬಿಗೆ ಕೈ ಹಾಕಿದ. ಕರ್ಚೀಫಿನ ಜೊತೆ ಜೋಗುಳದ ಚೀಟಿ ಹೊರಬಂತು.

ಹಾಗಾದರೆ ಹೋದದ್ದು?

“ಏನೇ! ಪಟ್ಟಿ ಹೋಯ್ತು ಕಣೇ! ನನ್ನ ಸಹಿ ಬೇರೆ ಇದೆ! ಓಡಿ ಹೋಗಿ ಇಸ್ಕೊಂಡು ಬಾರೇ!”

“ನಾನ್ಯಾಕೆ ಏಳ್ಲಿ? ಸಂಗೀತ ಕೇಳ್ತಾ ಇದೀನಿ.”

“ಮತ್ತೆ ನಾನು?”

“ಏಳಿ, ಯಾರು ಬೇಡ ಅಂದ್ರು? ಬ್ರಷ್ಷು ನೆನೆಹಾಕಿ ಬಂದಿದೀನಿ.”

ಒಂಬತ್ತನೆಯ ಸಾಲಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಕಾಗದ ಬಿಚ್ಚಿ ಓದಿ, ಕಣ್ಣರಳಿಸಿ, ಪಕ್ಕದವಳಿಗೆ ತೋರಿಸಿದಳು. ಏಳನೆಯ ಸಾಲು ಇಡಿಯಾಗಿ ತಿರುಗಿ ನೋಡಿತು. ಕೂತರೆ ಮಾನ ಹೋಗುತ್ತದೆ, ಎದ್ದರೆ ಭಾನುವಾರಗಳು ಹೋಗುತ್ತವೆ. ಆಗ ಗುಮಾಸ್ತನ ಮೆದುಳಿನಲ್ಲಿ ಕಾನೂನಿನ ಕಿಡಿಯೊಂದು ಹೊಳೆಯಿತು. ಕುರ್ಚಿಯಿಂದ ಏಳಬಾರದು ಅಂತ ತಾನೇ ಷರತ್ತು? ಕುರ್ಚಿ ಚಲಿಸಬಾರದು ಅಂತ ಎಲ್ಲಿದೆ?

ಅವನು ಎರಡೂ ಕೈಗಳಿಂದ ಕುರ್ಚಿಯನ್ನು ಹಿಂಭಾಗಕ್ಕೆ ಒತ್ತಿ ಹಿಡಿದು, ಮಂಡಿ ಮಡಿಸಿಕೊಂಡೇ ನಡುದಾರಿಗೆ ಇಳಿದ! ಚಿಪ್ಪು ಸಮೇತ ವಾಯುವಿಹಾರಕ್ಕೆ ಹೊರಟ ಆಮೆಯ ಹಾಗೆ ತೆವಳಿದ. “ಸಾರ್, ಆ ಚೀಟಿ... ಅಮ್ಮಾ, ಆ ಚೀಟಿ...” ಎಂದು ಎಂಟನೆಯ ಸಾಲು ದಾಟಿದಾಗ ಚೀಟಿ ಐದರಲ್ಲಿತ್ತು. ಐದು ತಲುಪಿದಾಗ ಎರಡರಲ್ಲಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಬಿಸಿಲು, ಕೋಟು, ಖಾಲಿ ಗಂಟಲು, ಮಡಿಸಿದ ಮಂಡಿ ನಾಲ್ಕೂ ಒಟ್ಟಿಗೆ ದಾಳಿ ಮಾಡಿದವು. ವೇದಿಕೆಯ ಬುಡ ಮುಟ್ಟಿ ತಲೆಯೆತ್ತಿದಾಗ ಕಾಗದ ತಾತನ ಕೈಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅಷ್ಟೇ ಅವನಿಗೆ ಕಂಡದ್ದು. ಉದ್ಯಾನ ಒಂದು ಸುತ್ತು ತಿರುಗಿತು. ಕೆಳಗೆ ಅವನು, ಮೇಲೆ ಕುರ್ಚಿ!

ಓಡಿ ಬಂದ ಟೀಚರಮ್ಮನ ಬಾಟಲಿಯ ನೀರು ಮುಖಕ್ಕೆ ಬಿದ್ದಾಗ ಕಣ್ಣು ಬಿಟ್ಟ. ಬೆಳ್ಳಗಿನ ಹುಬ್ಬುಗಳೆರಡು ಬಾಗಿ ನೋಡುತ್ತಿದ್ದವು. ತಾತ ಒಂದು ಕೈಯಲ್ಲಿ ಕುರ್ಚಿ ಎತ್ತಿ ಪಕ್ಕಕ್ಕಿಟ್ಟಿದ್ದರು. ಶಿಷ್ಯರಿಬ್ಬರೂ ಏದುಸಿರು ಬಿಡುತ್ತ ಆಮೇಲೆ ಇಳಿದು ಬಂದರು. ಅವರು ತೋಳು ಹಿಡಿದಿದ್ದದ್ದು ತಾತನನ್ನು ನಡೆಸುವುದಕ್ಕಲ್ಲ, ಓಡದಂತೆ ತಡೆಯುವುದಕ್ಕೆ!

“ಏನಪ್ಪಾ ಮರಿ, ಉಸಿರಿದೆಯಾ?”

“ಇ... ಇದೆ ಗುರುಗಳೇ.”

“ಈ ಪಟ್ಟಿ ನಿಂದಾ?”

ಇಲ್ಲ ಅನ್ನೋಣವೆಂದರೆ ಸಹಿ ಇತ್ತು. “ಕ್ಷಮಿಸಬೇಕು... ಅದು... ಆಫೀಸ್ ಅಭ್ಯಾಸ...”

“ಪಟ್ಟಿ ಚೆನ್ನಾಗಿದೆ. ಆದರೆ ಒಂದು ತಪ್ಪಿದೆ,” ಎಂದರು ತಾತ. ನಿರೂಪಕಿಯ ಪೆನ್ನು ಇಸಿದುಕೊಂಡು ನಿಧಾನವಾಗಿ ಏನೋ ತಿದ್ದಿ, ಕಾಗದವನ್ನು ಟೀಚರಮ್ಮನ ಕೈಗೆ ಕೊಟ್ಟರು. ನೆಲದಲ್ಲಿ ಬಿದ್ದಿದ್ದ ಜೋಗುಳದ ಚೀಟಿಯನ್ನೂ ಎತ್ತಿ ಓದಿಕೊಂಡು ಮೆಟ್ಟಿಲು ಹತ್ತಿಹೋಗಿ ಅದನ್ನೇ ನುಡಿಸಿದರು. ಆಮೇಲೂ ಒಂದೂವರೆ ಗಂಟೆ ಕಚೇರಿ ನಡೆಯಿತು. ಚಿತ್ರಗುಪ್ತ ಅದನ್ನು ಬೇಲಿ ಪಕ್ಕದ ಮರದಡಿ ಅಂಗಾತ ಮಲಗಿ ಕೇಳಿದ. ಜೋಗುಳಕ್ಕೆ ಸರಿಯಾಗಿ ನಿದ್ದೆ ಬಂತು.

ಮನೆಗೆ ಬಂದ ಮೇಲೂ ಅವನು ಸೋಲೊಪ್ಪಲಿಲ್ಲ. “ನಾನು ಕುರ್ಚಿಯಿಂದ ಏಳಲಿಲ್ಲ! ಸಾಕ್ಷಿ ಇದೆ!”

“ನಿಜ, ನೀವು ಏಳಲಿಲ್ಲ. ಬಿದ್ರಿ. ಆಮೇಲೆ ನಾಲ್ಕು ಜನ ಎತ್ತಿದ್ರು. ಕೊನೇ ಚಪ್ಪಾಳೆ ಹೊತ್ತಿಗೆ ಕುರ್ಚಿ ಎಲ್ಲಿತ್ತು? ನೀವೆಲ್ಲಿದ್ರಿ? ನಿದ್ದೆಯಲ್ಲಿ!” ಎಂದು ಅವಳು ಪಟ್ಟಿಯನ್ನು ಬಿಚ್ಚಿ ಮುಂದಿಟ್ಟಳು. ಕೊಳಲಿನ ತಾತನ ಹೆಸರನ್ನು ಹೊಡೆದುಹಾಕಿ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: “ಕ್ರಮಸಂಖ್ಯೆ ಒಂದು: ಕೋಟಿನ ಹುಡುಗ. ಕಾಯಿಲೆ: ಆತುರ. ಷರಾ: ತುರ್ತು, ಮುಂದಿನ ವರ್ಷ ಸಿಗುತ್ತಾನೋ ಇಲ್ಲವೋ.”

ಮರುವಾರದಿಂದ ಚಿತ್ರಗುಪ್ತ ಏಣಿ ಹತ್ತಿದ. ಟೀಚರಮ್ಮ ಟೋಪಿ ಹಾಕಿಕೊಂಡು, ಅವನ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಕಚೇರಿಗಳಿಗೆ ಹೊರಟಳು. ಅವಳು ಹೇಳಿದಂತೆ, ಎಲ್ಲಿ ಹೋದರೂ ಮೊದಲ ಸಾಲಿನಲ್ಲಿ ಕೊಳಲಿನ ತಾತ ಹಾಜರು. ತನಗಿಂತ ಚಿಕ್ಕವರ ಸಂಗೀತ ಕೇಳುವುದು ಅವರಿಗೆ ಬಲು ಇಷ್ಟವಂತೆ.

ಮೂರನೆಯ ಭಾನುವಾರ ಬಾಗಿಲ ಬಳಿ ನಿಂತು ಅವಳು ಒಂದು ಕಾಗದ, ಪೆನ್ನು ಮೇಲಕ್ಕೆ ಚಾಚಿದಳು.

“ಇಳೀರಿ, ಇಲ್ಲೊಂದು ಸಹಿ ಬೇಕು.”

“ಏನದು?” ಎಂದ ಅವನು, ಹುಬ್ಬಿನ ಮೇಲಿನ ಬಣ್ಣ ಒರೆಸಿಕೊಳ್ಳುತ್ತ.

“ತಾತ ಪ್ರತಿ ವಾರ ಕೇಳ್ತಾರೆ, ‘ನಮ್ಮ ಕ್ರಮಸಂಖ್ಯೆ ಒಂದು ಹೇಗಿದ್ದಾನಮ್ಮಾ?’ ಅಂತ. ಇದಾರೆ, ಮನೆಯಲ್ಲಿ ಬಣ್ಣ ಹೊಡೀತಿದಾರೆ ಅಂದೆ. ನಂಬಲಿಲ್ಲ. ‘ಬದುಕಿದ್ದಾನೆ ಅನ್ನೋದಕ್ಕೆ ಆಧಾರ ಏನು?’ ಅಂದ್ರು.”