ದತ್ತೋಬಾನ ಮನೆ ಸೇರಿದ ನಮ್ಮ ದೇವರು

ನಾನು ಬೆಳಗಾವಿಯ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವ ಕೆಲಸದಲ್ಲಿದ್ದವನು. ಯಾರು ಎಲ್ಲಿ ನಿಂತಿದ್ದರು, ಎಷ್ಟು ದೂರದಿಂದ ಕಂಡರು, ಮೊದಲು ಯಾವುದು ಬಿತ್ತು, ಆಮೇಲೆ ಯಾವುದು ಬಿತ್ತು ಎಂಬುದನ್ನು ಕೇಳಿ ಕೇಳಿ ನನಗೂ ಹಾಗೆಯೇ ಮಾತಾಡುವ ಚಟ ಹತ್ತಿದೆ. ಆದ್ದರಿಂದ ನಮ್ಮ ಖಾನಾಪುರದ ಮನೆಯ ಹಂಚು ಹಾರಿದ ಸಂಗತಿಯನ್ನೂ ಕಂಡದ್ದನ್ನು ಕಂಡ ಹಾಗೆ, ಕ್ರಮವಾಗಿ ಹೇಳುತ್ತೇನೆ. ನನ್ನ ವಿರುದ್ಧ ಹೋಗುವ ಭಾಗಗಳನ್ನೂ ಬಿಡುವುದಿಲ್ಲ. ಅವನ್ನು ಬಿಟ್ಟರೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮುಂಜಾನೆ ರೈಲಿನಲ್ಲಿ ಬೆಳಗಾವಿಗೆ ಹೋಗಿ ಸಂಜೆ ಖಾನಾಪುರಕ್ಕೆ ಮರಳುವುದು ನನ್ನ ಪರಿಪಾಠ. ನಮ್ಮ ಮನೆಗೂ ದತ್ತೋಬಾನ ಮನೆಗೂ ನಡುವೆ ಇದ್ದದ್ದು ಒಂದು ಮೋಟು ಗೋಡೆ. ದತ್ತೋಬಾ ಸ್ಟೇಶನ್ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಅವನು ಮತ್ತು ಅವನ ಹೆಂಡತಿ ಅನಸೂಯಾಬಾಯಿ, ಇಬ್ಬರೇ. ಮಕ್ಕಳಿರಲಿಲ್ಲ. ಒಳ್ಳೆಯ ಜನ. ಅದೇ ನನ್ನ ತೊಂದರೆ. ಕೆಟ್ಟವರಾಗಿದ್ದರೆ ಹೊಟ್ಟೆಕಿಚ್ಚಿಗೆ ಏನಾದರೊಂದು ಕಾರಣ ಸಿಗುತ್ತಿತ್ತು. ನಾನು ಯಾವ ಆಧಾರವೂ ಇಲ್ಲದೆ, ಸಂಪೂರ್ಣ ಸ್ವಂತ ಶ್ರಮದಿಂದ ಹೊಟ್ಟೆಕಿಚ್ಚು ಪಡಬೇಕಾಗಿತ್ತು.

ಆ ಬೇಸಿಗೆಯಲ್ಲಿ ನಮ್ಮ ಮಗಳು ಸುಮಾಳ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ಆಸ್ಪತ್ರೆ ಬಳಿಯಲ್ಲಿರಲಿ ಎಂದು ಅವಳನ್ನು ಬೆಳಗಾವಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಇರಿಸಿದ್ದೆವು. ಬಾಣಂತನ ಮಾತ್ರ ತವರಿನಲ್ಲಿ, ಖಾನಾಪುರದಲ್ಲಿ. ಬಾಣಂತಿಗೆ ಬೇಕಾದದ್ದು ಬೆಚ್ಚಗಿನ ಕೋಣೆ, ಮಂಚದ ಕೆಳಗೆ ಕೆಂಡದ ಶೇಗಡಿ, ತಲೆಯ ಮೇಲೆ ಸೋರದ ಹಂಚು. ನಮ್ಮೂರಿನ ಮಳೆ ಒಮ್ಮೆ ಹಿಡಿಯಿತೆಂದರೆ ಒಣಗಿದ ಬಟ್ಟೆಯನ್ನು ಜನ ದೀಪಾವಳಿಗೇ ನೋಡುವುದು. ಹಂಚಿನ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಸ್ವತಃ ನಿಂತು ಹೊದಿಸಿದ ಹಂಚು. ಚಿಂತೆಯಿದ್ದದ್ದು ದತ್ತೋಬಾನ ಹಿತ್ತಲಿನ ದೊಡ್ಡ ಹಲಸಿನ ಗಿಡದ ಬಗ್ಗೆ.

“ದತ್ತೋಬಾ, ಆ ಗಿಡಾ ಕಡಸ್ರಿ. ಗಾಳಿ ಬಂದ್ರ ನಿಮ್ಮ ಮನಿ ಮ್ಯಾಲೇ ಬೀಳ್ತದ. ನಮ್ಮದು ಬಿಡ್ರಿ, ಒಂದು ಹಂಚೂ ಮಿಸುಕೂದಿಲ್ಲ,” ಎಂದು ಗೋಡೆಯ ಈಚೆ ನಿಂತು ತಿಳಿವಳಿಕೆ ಹೇಳಿದ್ದೆ.

“ಬಿದ್ರ ಬೀಳ್ತೈತಿ ಬಿಡ್ರಿ ರಾವಸಾಹೇಬ್ರ. ಇಷ್ಟ ವರ್ಷ ಹಣ್ಣ ಕೊಟ್ಟೈತಿ. ಕಡಿ ಅನ್ನಾಕ ನಾಲಿಗಿ ಏಳೂದಿಲ್ಲ,” ಎಂದ ಅವನು. ಕಚೇರಿಯಲ್ಲಿ ಕೆಲಸ ಮಾಡುವವರೆಲ್ಲ ಅವನಿಗೆ ರಾವಸಾಹೇಬರೇ.

ಮುಂದಿನ ರವಿವಾರ ಮಧ್ಯಾಹ್ನ ಬಿರುಗಾಳಿ ಬಂತು. ಅನುಕ್ರಮ ಹೀಗಿದೆ: ಮೊದಲು ಧೂಳು ಬಂತು. ಆಮೇಲೆ ಯಾರದೋ ಬುಟ್ಟಿ ಬಂತು. ಆಮೇಲೆ ನಮ್ಮ ಹಂಚು ಹೋದವು. ಸಾಲುಸಾಲಾಗಿ, ಎದ್ದು ನಿಂತು, ಒಂದರ ಹಿಂದೊಂದು. ಆ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಆ ಹೊತ್ತಿಗೆ ನಾನು ಮಂಚದ ಕೆಳಗಿದ್ದೆ. ನನ್ನ ಹೆಂಡತಿ ಸಿಂಧು ಹೊರಗೆ ಬಗ್ಗಿ ನಿಂತು, “ಜರಾ ಸರೀರಿ, ನನಗೂ ಜಾಗಾ ಬೇಕು,” ಎನ್ನುತ್ತಿದ್ದಳು. ಇದು ನನ್ನ ವಿರುದ್ಧ ಹೋಗುವ ಮೊದಲ ಭಾಗ.

ಗಾಳಿ ನಿಂತ ಮೇಲೆ ಹೊರಗೆ ತೆವಳಿ ಬಂದು ನೋಡಿದರೆ ಪಡಸಾಲೆಯ ಮೇಲೆ ಬರೀ ಆಕಾಶ. ಸಿಂಧು ನನ್ನ ಮೈಯೆಲ್ಲ ಮುಟ್ಟಿ ನೋಡಿದಳು, ನಾನು ಅವಳದನ್ನು ನೋಡಿದೆ. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. “ದೇವರು ಕಾಯ್ದ,” ಎಂದು ಅವಳು ದೇವರ ಮಾಡದ ಕಡೆ ತಿರುಗಿದಳು. ಮಾಡ ಖಾಲಿ ಇತ್ತು. ಕಾಯ್ದ ದೇವರೇ ಇರಲಿಲ್ಲ. ನಮ್ಮ ಮಾವನವರು ಕೊಟ್ಟ ವೆಂಕಟರಮಣನ ಪಟ, ಗಾಜು ಚೌಕಟ್ಟು ಸಮೇತ ನಾಪತ್ತೆ.

ಆಗ ದತ್ತೋಬಾನ ಮನೆಯ ಕಡೆಯಿಂದ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಓಣಿಗೆ ಓಣಿಯೇ ಅಲ್ಲಿ ನೆರೆದಿತ್ತು. ಹಲಸಿನ ಗಿಡ ನಾನು ಹೇಳಿದಂತೆಯೇ ಮನೆಯ ಮೇಲೆ ಬಿದ್ದಿತ್ತು. ಆದರೆ ನಾನು ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಗಿಡ ಹಂಚು ಒಡೆದು ಒಳಗೆ ಬಂದು, ನಡುಮನೆಯ ತೊಲೆಗೆ ತಾಗಿ ನಿಂತಿತ್ತು. ತೊಲೆ ಮುರಿದಿರಲಿಲ್ಲ. ಒಂದು ಕೊಂಬೆ ದೇವರ ಗೂಡಿನ ಮುಂದೆ ಗೇಣು ದೂರದಲ್ಲಿ ತಡೆದು ನಿಂತಿತ್ತು. ಒಳಗೆ ದೀಪ ಉರಿಯುತ್ತಿತ್ತು.

“ದೀಪಾ ಆರಿಲ್ರೀ. ದೇವರಾಣಿ ಆರಿಲ್ಲ,” ಎಂದು ಅನಸೂಯಾಬಾಯಿ ಬಂದವರಿಗೆಲ್ಲ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು. ಜನ ಕೈಮುಗಿಯುತ್ತಿದ್ದರು. ಒಬ್ಬರು ಆಗಲೇ ತೆಂಗಿನಕಾಯಿ ತಂದಿದ್ದರು.

ನಮ್ಮ ಮನೆಯ ಹಂಚೂ ಹೋಗಿವೆ ಎಂದು ನಾನು ಹೇಳಿದೆ. “ಹೌದನ್ರಿ?” ಎಂದು ಒಬ್ಬರು ಕೇಳಿ ಮತ್ತೆ ದೀಪದ ಕಡೆ ತಿರುಗಿದರು. ನಷ್ಟದಲ್ಲೂ ದತ್ತೋಬಾ ನನ್ನನ್ನು ಹಿಂದೆ ಹಾಕಿದ್ದ. ಅವನ ಮೇಲೆ ಗಿಡ ಬಿದ್ದಿತ್ತು, ಅದರ ಜೊತೆಗೆ ಪವಾಡವೂ ಬಿದ್ದಿತ್ತು. ನಮ್ಮದು ಬರೀ ಹಂಚು.

ಅಷ್ಟರಲ್ಲಿ ದತ್ತೋಬಾ ಹಿತ್ತಲಿನಿಂದ ಏನನ್ನೋ ಎದೆಗವಚಿಕೊಂಡು ಬಂದ. ನಮ್ಮ ವೆಂಕಟರಮಣ. ಹಾರಿ ಬಂದು ಅವರ ಕಲ್ಲಿನ ಬಾನಿಯ ನೀರಿನಲ್ಲಿ ಬಿದ್ದಿದ್ದನಂತೆ. ಗಾಜು ಕೂಡ ಒಡೆದಿರಲಿಲ್ಲ.

ಓಣಿಯ ಹಿರಿಯಳೊಬ್ಬಳು ಗಲ್ಲದ ಮೇಲೆ ಬೆರಳಿಟ್ಟಳು. “ನೋಡ್ರಿ, ಬಾಜೂ ಮನೀ ದ್ಯಾವರು ತಾನs ಎದ್ದು ಇಲ್ಲಿಗೆ ಬಂದಾನ. ಪುಣ್ಯವಂತ ಅದಾನ ನಮ್ಮ ದತ್ತೋಬಾ.”

ಬಾಜೂ ಮನೆಯವನು ಪಕ್ಕದಲ್ಲೇ ನಿಂತಿದ್ದ. ಅವನ ಪುಣ್ಯದ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ದತ್ತೋಬಾ ಪಟವನ್ನು ತನ್ನ ಧೋತರದ ಸೆರಗಿನಿಂದ ಒರೆಸಿ, ಅದಕ್ಕೊಂದು ಹೂವು ಏರಿಸಿ ನನ್ನ ಕೈಗೆ ಕೊಟ್ಟ. “ರಾವಸಾಹೇಬ್ರ, ಹಂಚಿನ ಕಾರ್ಖಾನ್ಯಾಗ ನಮ್ಮ ಮಂದಿ ಅದಾರ. ಗಾಳಿಗೆ ಊರಂದೂರ ಹಂಚ ಹೋಗ್ಯಾವ, ನಾಳಿಂದ ಸಿಗೂದಿಲ್ಲ. ಎರಡೂ ಮನೀಗಿ ಕೂಡೇ ಹೇಳಿಬಿಡ್ತೀನಿ. ಸುಮಾ ತಂಗಿ ಬರಾಕಿ ಅದಾಳ.”

ಬುದ್ಧಿಯಿದ್ದವನು ಹೂಂ ಅನ್ನಬೇಕಾದ ಸಮಯ. ಆದರೆ ನನ್ನ ದೇವರನ್ನೂ ಅವನೇ ಕೊಡಬೇಕು, ನನ್ನ ಹಂಚನ್ನೂ ಅವನೇ ಕೊಡಬೇಕು ಎಂದರೆ ನಾನು ಇರುವುದಾದರೂ ಯಾತಕ್ಕೆ? “ಬ್ಯಾಡ್ರಿ. ನಾ ಬೆಳಗಾವ್ಯಾಗ ಹೇಳೀನಿ,” ಎಂದೆ. ಗಾಳಿ ನಿಂತು ಇನ್ನೂ ಅರ್ಧ ತಾಸಾಗಿರಲಿಲ್ಲ. ಈ ಅವಧಿಯಲ್ಲಿ ನಾನು ಬೆಳಗಾವಿಯಲ್ಲಿ ಯಾವಾಗ ಹೇಳಿದೆ ಎಂದು ಅವನು ಕೇಳಲಿಲ್ಲ. ಸಿಂಧು ಮಾತ್ರ ನನ್ನನ್ನು ನೋಡಿದಳು.

ಮರುದಿನ ಕಚೇರಿ ಬಿಟ್ಟ ಮೇಲೆ ಬೆಳಗಾವಿಯ ಹಂಚಿನ ವ್ಯಾಪಾರಿಯ ಬಳಿ ಹೋದೆ. ಅವನು ನಿಟ್ಟುಸಿರು ಬಿಟ್ಟ. “ಮಾಲು ಇಲ್ರಿ ಸಾಹೇಬ್ರ. ಹಂಚು ಖಾನಾಪುರದಿಂದ ಬರಬೇಕು. ಅಲ್ಲಿ ಯಾರರೆ ಗುರ್ತಿನವರಿದ್ರ ನೋಡ್ರಿ. ನಿಮ್ಮೂರು ಯಾವುದು?”

ನಾನು ಖಾನಾಪುರದ ರೈಲು ಹಿಡಿದೆ.

ದತ್ತೋಬಾನ ಮನೆಗೆ ಹಂಚು ಬಂದವು. ಅವನ ಗೆಳೆಯರೆಲ್ಲ ಸೇರಿ ಗಿಡ ಎಳೆದು ಹಾಕಿ, ಹಾಡು ಹೇಳುತ್ತ ಹೊದಿಸಿದರು. ಆಮೇಲೆ ಅವನು ಸತ್ಯನಾರಾಯಣ ಪೂಜೆ ಮಾಡಿಸಿದ. ಬದುಕಿ ಉಳಿದದ್ದಕ್ಕೆ ದೇವರಿಗೆ ಉಪಕಾರ ಸ್ಮರಣೆ. ಸಣ್ಣ ಪೂಜೆಯೇ. ಆದರೆ ದೀಪ ಆರದ ಮನೆಯ ಪ್ರಸಾದವೆಂದು ಸ್ಟೇಶನ್ನಿನ ಆಚೆಯವರೂ ಬಂದರು. ನಾನೂ ಶಿರಾ ತಿಂದೆ. ಚೆನ್ನಾಗಿತ್ತು. ಅದಕ್ಕೇ ಹೊಟ್ಟೆಗೆ ಹತ್ತಲಿಲ್ಲ.

ಮನೆಗೆ ಬಂದವನೇ ಘೋಷಿಸಿದೆ: “ಸಿಂಧು, ನಾವೂ ಪೂಜಾ ಮಾಡಸೋಣ. ನಮ್ಮ ಜೀವಾನೂ ಉಳದದ.”

“ಮಾಡಸೋಣಂತ. ಮೊದಲ ಹಂಚು.”

“ಮೊದಲ ದೇವರು.”

“ದೇವರು ಒಮ್ಮೆ ಹಾರಿ ಹೋಗ್ಯಾನ. ಹಂಚಿಲ್ಲದ ಮನ್ಯಾಗ ಮತ್ತೊಮ್ಮೆ ಕೂಡ್ರಸ್ತೀರೇನು? ಹಂಗಾರ ದತ್ತೋಬಾಗ ಕೇಳ್ರಿ, ಇನ್ನೂ ಹಂಚು ಕೊಡಸ್ತಾರ.”

“ನನ್ನ ಮಗಳ ತಲಿ ಮ್ಯಾಲಿನ ಹಂಚು ನಾ ತರ್ತೀನಿ.”

ತಂದದ್ದು ತಾಡಪತ್ರಿ, ಲಾರಿಗೆ ಹೊದಿಸುವಂಥ ಟಾರ್ಪಾಲು. ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಹಳೆಯ ಮಿಲಿಟರಿ ಸಾಮಾನು ಮಾರುವವನೊಬ್ಬನಿದ್ದ. ಹಸಿರು ಬಣ್ಣದ, ಆನೆಯ ಚರ್ಮದಷ್ಟು ದಪ್ಪನೆಯ ತಾಡಪತ್ರಿ ಅವನ ಬಳಿ ಸಿಕ್ಕಿತು. ಯುದ್ಧ ನೋಡಿ ಬಂದ ಮಾಲು, ಖಾನಾಪುರದ ಮಳೆ ಇದಕ್ಕೆ ಲೆಕ್ಕವೇ ಇಲ್ಲ ಎಂದ. ನಂಬಿದೆ. ಅದನ್ನು ಇಳಿಜಾರಾಗಿ ಕಟ್ಟಬೇಕು, ನೀರು ಹರಿದು ಹೋಗಬೇಕು ಎಂದು ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಇಳಿಜಾರಾಗಿ ಕಟ್ಟಿದರೆ ಒಳಗಿನಿಂದ ಸಂತೆಯ ಡೇರೆಯಂತೆ ಕಾಣುತ್ತಿತ್ತು. ದತ್ತೋಬಾನ ಮನೆಗೆ ಬಂದ ಅದೇ ಜನ ನಮ್ಮಲ್ಲಿಗೂ ಬರುವವರು. ಆದ್ದರಿಂದ ನಾಲ್ಕೂ ಗೋಡೆಗೆ ಸಮನಾಗಿ, ಅಂಚನ್ನು ಮೇಲಕ್ಕೆತ್ತಿ, ಛತ್ತಿನಂತೆ ಚಂದಾಗಿ ಬಿಗಿದೆ. ಕೆಳಗೆ ಮಾವಿನ ತೋರಣ ಕಟ್ಟಿದೆ. ನೋಡಿದವರು ಮೆಚ್ಚಬೇಕು, ಹಾಗಿತ್ತು. ಮೇಲಿನಿಂದ ನೋಡಿದ್ದರೆ ಹಿಟ್ಟು ನಾದುವ ಅಂಚಿನ ತಟ್ಟೆಯ, ಪರಾತದ ಹಾಗೆ ಕಾಣುತ್ತಿತ್ತು. ಆದರೆ ಮೇಲಿನಿಂದ ನೋಡುವವನು ಒಬ್ಬನೇ. ಅವನಿಗೇ ಪೂಜೆ.

ಪೂಜೆಯ ದಿನ ಬೆಳಗಾವಿಯಿಂದ ಕಚೇರಿಯವರು ಬಂದರು. ಓಣಿಯವರು ಬಂದರು. ದತ್ತೋಬಾ ದಂಪತಿಗಳು ಎಲ್ಲರಿಗಿಂತ ಮೊದಲೇ ಬಂದು, ಕರೆಯದೆ ಕೆಲಸಕ್ಕೆ ನಿಂತರು. ಮಂಟಪದಲ್ಲಿ ವೆಂಕಟರಮಣ, ಪಕ್ಕದಲ್ಲಿ ಒಂದು ದೊಡ್ಡ ಪಾತೇಲಿ ಶಿರಾ. ದತ್ತೋಬಾನ ಪಾತೇಲಿಗಿಂತ ದೊಡ್ಡದೆಂಬುದನ್ನು ನಾನು ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದೆ.

ಆಚಾರ್ಯರು ಸತ್ಯನಾರಾಯಣನ ಕಥೆ ಶುರುಮಾಡಿದಾಗ ಮಳೆಯೂ ಶುರುವಾಯಿತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ನಾನು ಸುತ್ತಲೂ ನೋಡಿ, “ಮಿಲಿಟರಿ ಮಾಲು,” ಎಂದೆ. ಎಲ್ಲರೂ ತಲೆದೂಗಿದರು. ಹತ್ತು ನಿಮಿಷದಲ್ಲಿ ತಾಡಪತ್ರಿಗೆ ಸಣ್ಣ ಹೊಟ್ಟೆ ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ತುಂಬಿದ ಬಸುರಿಯ ಹೊಟ್ಟೆಯಾಯಿತು. ಜನ ಕೈಮುಗಿದುಕೊಂಡೇ ಮೇಲೆ ನೋಡತೊಡಗಿದರು. ಕಚೇರಿಯವರು ಮೆಲ್ಲಗೆ ಗೋಡೆಯ ಕಡೆ ಸರಿದರು. ಕಥೆಯಲ್ಲಿ ಹಡಗು ಮುಳುಗುವ ಭಾಗ ಬಂದಿತ್ತು.

ದತ್ತೋಬಾ ನನ್ನ ಕಿವಿಯ ಬಳಿ ಬಂದ. “ರಾವಸಾಹೇಬ್ರ, ಒಂದ ಬಾಜೂದ ಹಗ್ಗಾ ಬಿಚ್ಚೂಣು. ನೀರ ಹೊರಗ ಹೊಕ್ಕೈತಿ.”

ಖರೇ ಮಾತು. ನನಗೂ ಅದೇ ಹೊಳೆದಿತ್ತು. ಆದರೆ ಅವನು ಹೇಳಿಬಿಟ್ಟಿದ್ದನಲ್ಲ, ನಾನು ಬೇರೆ ಏನಾದರೂ ಮಾಡಲೇಬೇಕಾಯಿತು. ಮೂಲೆಯಲ್ಲಿದ್ದ ಬಿದಿರಿನ ಗಳ ತೆಗೆದುಕೊಂಡು ಆ ಹೊಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದೆ. ನೀರು ಅಂಚು ದಾಟಿ ಹೊರಗೆ ಹೋಗಲಿ ಎಂದು. ಸ್ವಲ್ಪ ಹೋಯಿತು. ಅದರಿಂದ ಧೈರ್ಯ ಬಂದು ಜೋರಾಗಿ ಒತ್ತಿದೆ.

ಯುದ್ಧ ನೋಡಿ ಬಂದ ಮಾಲು ನನ್ನ ಗಳ ನೋಡಿರಲಿಲ್ಲ.

ನೀರು ಬಿದ್ದ ಕ್ರಮ ಹೀಗಿದೆ: ಮೊದಲು ಆಚಾರ್ಯರ ಮೇಲೆ. ಆಮೇಲೆ ಮಂಟಪದ ಮೇಲೆ. ಉಳಿದದ್ದೆಲ್ಲ ಪಾತೇಲಿಯಲ್ಲಿ. ಶಿರಾ ಗಂಜಿಯಾಯಿತು. ದೀಪದ ಬಗ್ಗೆ ಹೇಳಬೇಕಾದದ್ದಿಲ್ಲ.

“ಬರ್ರಿ, ಬರ್ರಿ, ಎಲ್ಲಾರೂ ನಮ್ಮ ಕಡೆ ಬರ್ರಿ,” ಎಂದ ದತ್ತೋಬಾ. ಅನಸೂಯಾಬಾಯಿ ಆಗಲೇ ವೆಂಕಟರಮಣನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೋಟು ಗೋಡೆ ದಾಟಿದ್ದಳು. ಆಚಾರ್ಯರು ಹಿಂದೆ, ಜನ ಅವರ ಹಿಂದೆ. ದೇವರು ಹೋದ ಸಲ ಹಾರಿ ಹೋಗಿದ್ದ ಮನೆಗೆ ಈ ಸಲ ಮೆರವಣಿಗೆಯಲ್ಲಿ ಹೋದ. ಕಥೆ ಅಲ್ಲಿ ಮುಗಿಯಿತು. ಅನಸೂಯಾಬಾಯಿ ಹೊಸದಾಗಿ ಶಿರಾ ಮಾಡಿದಳು. ಹೋಗುವಾಗ ಕಚೇರಿಯವರು, “ಪೂಜಾ ಭಾಳ ಛಲೋ ಆತ್ರಿ,” ಎಂದು ದತ್ತೋಬಾನ ಕೈ ಹಿಡಿದು ಹೇಳಿದರು.

ಆ ಮಳೆ ನಿಲ್ಲಲಿಲ್ಲ. ಹಿಡಿದೇ ಬಿಟ್ಟಿತು. ಹಂಚು ಇನ್ನು ಸಿಕ್ಕರೂ ಹೊದಿಸಲು ಬಿಡುವು ಕೊಡದಂಥ ಮಳೆ. ಅದರ ನಡುವೆಯೇ ಸುಮಾಳಿಗೆ ಬೆಳಗಾವಿಯಲ್ಲಿ ಹೆಣ್ಣು ಮಗುವಾಯಿತು. ಸುಖವಾಗಿ ಆಯಿತು. ತಂಗಿಯ ಮನೆ ಚಿಕ್ಕದು, ಬಹಳ ದಿನ ಇರಿಸುವಂತಿರಲಿಲ್ಲ. ಕರೆತರಬೇಕಾದ ದಿನ ನಾನೂ ಸಿಂಧುವೂ ಪಡಸಾಲೆಯಲ್ಲಿ ಛತ್ರಿ ಹಿಡಿದು ನಿಂತು, ಶೇಗಡಿ ಎಲ್ಲಿ ಇಡುವುದೆಂದು ನೋಡುತ್ತಿದ್ದೆವು. ಇಡುವಷ್ಟು ಒಣ ನೆಲ ಎಲ್ಲೂ ಇರಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮಗಳ ತಲೆಯ ಮೇಲಿನ ಹಂಚು ನಾನು ತರುತ್ತೇನೆ ಎಂದವನು ನಾನೇ.

ಗೋಡೆಯ ಆಚೆಯಿಂದ ಅನಸೂಯಾಬಾಯಿ ಕೂಗಿದಳು: “ವೈನಿ, ನಡುಮನ್ಯಾಗ ಶೇಗಡಿ ಹೊತ್ತಿಸಿ ಇಟ್ಟೀನ್ರಿ. ಕೂಸು-ಬಾಣಂತೀನ ಸೀದಾ ಇಲ್ಲೇ ಕರಕೊಂಬರ್ರಿ.”

ಹೀಗಾಗಿ ನನ್ನ ಮಗಳ ಬಾಣಂತನ ದತ್ತೋಬಾನ ಮನೆಯಲ್ಲಿ ನಡೆಯಿತು. ಹಲಸಿನ ಗಿಡಕ್ಕೂ ಮುರಿಯದ ಆ ತೊಲೆಗೆ ತೊಟ್ಟಿಲು ಕಟ್ಟಿದರು. ಮಗುವಿನ ಹೆಸರಿಡುವ ದಿನ ಓಣಿಯವರೆಲ್ಲ ಅಲ್ಲಿಗೇ ಬಂದು, “ಏನ್ ಭಾಗ್ಯದ ಮನಿ,” ಎಂದರು.

ಅಂದು ಜನ ಹೋದ ಮೇಲೆ ನಾನು ಒಂದು ತೆಂಗಿನಕಾಯಿ ಹಿಡಿದು ದತ್ತೋಬಾನ ಮುಂದೆ ನಿಂತೆ. ಈ ಒಂದು ವಿಷಯದಲ್ಲಾದರೂ ಕೊರತೆಯಾಗಬಾರದೆಂದು ಹೇಳಬೇಕಾದ ಮಾತುಗಳನ್ನು ರೈಲಿನಲ್ಲಿ ಕಲಿತು ಬಂದಿದ್ದೆ. ‘ತಾವು ಮಾಡಿದ ಉಪಕಾರವನ್ನು ಯಾವತ್ತೂ...’ ಎಂದು ಶುರುವಾಗುತ್ತಿತ್ತು. ಬಾಯಿ ತೆರೆದೆ.

“ರಾವಸಾಹೇಬ್ರ,” ಎಂದು ದತ್ತೋಬಾ ನನ್ನ ಎರಡೂ ಕೈ ಹಿಡಿದ. ಅವನ ಕಣ್ಣು ತುಂಬಿದ್ದವು. “ನಿಮ್ಮ ಉಪಕಾರ ಹೆಂಗ ತೀರಸಬೇಕಂತ ತಿಳೀವಲ್ದು. ಈ ಮನ್ಯಾಗ ತೊಟ್ಟಲಾ ಕಟ್ಟಿದ್ದು ಇದs ಮೊದಲ. ಆಕಿ ನಿನ್ನೀಂದ ಒಂದ ಸಮನ ಹಾಡಾಕ ಹತ್ಯಾಳ. ಆ ಗಾಳಿ ಬಂದದ್ದೂ ಚಲೋನ ಆತು ಅನ್ನಸ್ತೈತಿ.”

ಒಳಗೆ ಅನಸೂಯಾಬಾಯಿ ಖರೇನೇ ಹಾಡುತ್ತಿದ್ದಳು. ನಾನು ಕಲಿತು ಬಂದ ಮಾತನ್ನೆಲ್ಲ ಅವನೇ ಆಡಿ ಮುಗಿಸಿದ್ದ. ಕಾಯಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು, “ಇದಕ್ಕೂ ನಿಮ್ಮ ಉಪಕಾರ,” ಎಂದ.

ಮನೆಗೆ ಬಂದಾಗ ಸಿಂಧು ಛತ್ರಿಯ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದಳು. “ಹೇಳಿದ್ರೇನು?”

“ಹೇಳಲಿಕ್ಕೆ ಹೋದೆ. ಅವರೇ ಮೊದಲ ಹೇಳಿಬಿಟ್ರು.”

ಅವಳು ಅಕ್ಕಿಯಿಂದ ಕಣ್ಣೆತ್ತಲಿಲ್ಲ. “ಅದರಾಗೂ ಸೋತ್ರಿ.”

ವೆಂಕಟರಮಣನನ್ನು, ನಮ್ಮ ಹಂಚು ಕೂಡುವವರೆಗೂ ಅಲ್ಲೇ ಇರಲಿ ಎಂದು ಅವಳು ತರಲೇ ಇಲ್ಲ. ಆ ಮಳೆಗಾಲವೆಲ್ಲ ನಾನು ದಿನಾ ಮುಂಜಾನೆ ಸ್ನಾನ ಮಾಡಿ, ಗೋಡೆ ದಾಟಿ, ದತ್ತೋಬಾನ ಗೂಡಿನಲ್ಲಿದ್ದ ನನ್ನ ದೇವರಿಗೆ ಕೈಮುಗಿದು ರೈಲಿಗೆ ಹೋಗುತ್ತಿದ್ದೆ. ಮಗಳು ಬೆಚ್ಚಗಿದ್ದಳು, ಮೊಮ್ಮಗಳು ತೊಟ್ಟಿಲಲ್ಲಿದ್ದಳು. ಅದಕ್ಕಾಗಿ ನಾನು ಮನಃಪೂರ್ವಕವಾಗಿಯೇ ಕೈಮುಗಿಯುತ್ತಿದ್ದೆ, ಇದರಲ್ಲಿ ಸುಳ್ಳಿಲ್ಲ. ಆದರೆ ಸಾಕ್ಷಿ ಹೇಳುವವನು ಪೂರ್ತಿ ಹೇಳಬೇಕು. ನಮ್ಮ ಮಾಡದಲ್ಲಿದ್ದಾಗಿನದಕ್ಕಿಂತ ದೇವರು ಅಲ್ಲಿ ಸ್ವಲ್ಪ ದಪ್ಪಗಾದಂತೆ ನನಗೆ ಕಾಣುತ್ತಿದ್ದ.