ಕೊಳೆತ ಮೋಸಂಬಿ ಇದೆಯೇ?

ಕೆಲವರಿಗೆ ಮಾಡುವ ಕೆಲಸಕ್ಕಿಂತ ಅದನ್ನು ನೆಂಟರಿಗೆ ವಿವರಿಸುವುದೇ ದೊಡ್ಡ ಕೆಲಸ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ನಾನು ಬೂಷ್ಟು ಸಾಕುತ್ತೇನೆ. ಕಿತ್ತ ಮೋಸಂಬಿ ಕೊಳೆಯದಿರಲೆಂದು ಔಷಧಿ ನೀರಿನಲ್ಲಿ ಅದ್ದುತ್ತಾರಲ್ಲ, ಹಸಿರು ಬೂಷ್ಟು ಆ ಔಷಧಿಗೆ ಇನ್ನೂ ಸಾಯುತ್ತದೋ, ಇಲ್ಲಾ ಒಗ್ಗಿಹೋಗಿದೆಯೋ ಎಂದು ಆಗಾಗ ಪರೀಕ್ಷಿಸುವುದು ನನ್ನ ಪಾಲಿನದು. ಒಗ್ಗಿಹೋದರೆ ಲಾರಿಗಟ್ಟಲೆ ಹಣ್ಣು ದಾರಿಯಲ್ಲೇ ಹಾಳು. ಇಷ್ಟನ್ನೂ ಕೇಳಿದ ನಮ್ಮತ್ತೆ, "ಬೂಷ್ಟು ನಮ್ಮ ಉಪ್ಪಿನಕಾಯಿ ಭರಣ್ಯಾಗೂ ಐತಿ, ಅದಕ್ಕ ಯಾರೂ ಪಗಾರ ಕೊಡಂಗಿಲ್ಲಲ್ರಿ!" ಎಂದಿದ್ದರು.

ಈ ಸಲ ಔಷಧಿ ಕೆಲಸ ಮಾಡುತ್ತಿಲ್ಲವೆಂದು ವ್ಯಾಪಾರಿಗಳಲ್ಲಿ ಗುಲ್ಲೆದ್ದಿತ್ತು. ಪೇಟೆಯಿಂದ ಕೊಳೆತ ಹಣ್ಣು ತನ್ನಿ, ಪರೀಕ್ಷಿಸೋಣ ಎಂದರು ಪ್ರಯೋಗಾಲಯದ ಮುಖ್ಯಸ್ಥೆ ನಮ್ಮ ಮೇಡಂ. ಹೆಂಡತಿ ಸುಮಂಗಲಾಗೆ ಸುಲ್ತಾನ್ ಬಜಾರಿನಲ್ಲಿ ರವಿಕೆ ಬಟ್ಟೆ ಕೊಳ್ಳುವುದಿತ್ತು, ಜೊತೆಗೇ ಹೋದೆ. ಮೊದಲ ಮೋಸಂಬಿ ಗಾಡಿಯವನ ಬಳಿ ಕೊಳೆತದ್ದಿದೆಯೇ ಎಂದು ವಿನಯದಿಂದಲೇ ಕೇಳಿದೆ. "ಮಜಾಕ್ ಕರ್‌ರೇ ಕ್ಯಾ ಸಾಬ್? ಸಬ್ ತಾಜಾ ಮಾಲ್!" ಎಂದು, ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡು ಸಿಟ್ಟಾಗಿ, ಒಂದನ್ನು ಕೊಯ್ದು ನನ್ನ ಬಾಯಿಗೇ ತುರುಕಿದ. ಮುಂದಿನವನು ನನ್ನನ್ನು ತಪಾಸಣೆಗೆ ಬಂದ ಅಧಿಕಾರಿಯೆಂದು ತಿಳಿದು, ಬುಟ್ಟಿಗೆ ಬಟ್ಟೆ ಹೊದಿಸಿ, ಅವನೂ ತಿನ್ನಿಸಿದ. ಹೊಟ್ಟೆ ತುಂಬಿತು, ಚೀಲ ಖಾಲಿ.

ಅಷ್ಟರಲ್ಲಿ ಬಟ್ಟೆ ಕೊಂಡು ಬಂದ ಸುಮಂಗಲಾ, ನಾನು ಮನೆಗೆ ಹಣ್ಣು ಕೊಳ್ಳಲು ಒದ್ದಾಡುತ್ತಿದ್ದೇನೆಂದುಕೊಂಡು, "ಸರೀರಿ, ನಾ ತೊಗೋತೀನಿ" ಎಂದು ಗಾಡಿಯಿಂದ ಗಾಡಿಗೆ ಹೋಗಿ, ಜೋರು ಚೌಕಾಸಿ ನಡೆಸಿ, ಎಲ್ಲರಿಂದಲೂ ಅತ್ಯುತ್ತಮವಾದದ್ದನ್ನೇ ಕೇಳಿ ಪಡೆದಳು. ಮನೆಗೆ ಬಂದು ಚೀಲಗಳನ್ನು ಸುರುವಿದರೆ, ಮೇಲಿನವು ಬಂಗಾರದಂತಿದ್ದವು. ಕೆಳಗಿನವುಗಳ ಮೇಲೆ ಹಸಿರು ಪುಡಿ!

"ಎಂಥಾ ಮೋಸಗಾರ್ರು! ಒಗದು ಬರ್ತೀನಿ" ಎಂದು ಅವಳು ಕೊಳೆತವನ್ನು ಎಸೆಯಲು ಎದ್ದಳು.

"ಒಗೀಬ್ಯಾಡ ಮಾರಾಯ್ತಿ! ಇಷ್ಟು ಚಲೋ ಮಾಲು ನನಗ ಯಾರೂ ಕೊಟ್ಟಿರಲಿಲ್ಲ!" ಎಂದು ಅಡ್ಡ ನಿಂತೆ. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಆ ಬೂಷ್ಟನ್ನು ಪ್ರಯೋಗಾಲಯದಲ್ಲಿ ಔಷಧಿ ಬೆರೆಸಿದ ಕೆಲವು, ಬೆರೆಸದ ಕೆಲವು ತಟ್ಟೆಗಳಲ್ಲಿ ಬಿತ್ತಿ, ಔಷಧಿಯಿದ್ದಲ್ಲಿ ಬೆಳೆಯದಿರಲೆಂದು ಹಾರೈಸುತ್ತ ದಿನ ತಳ್ಳಿದೆ. ಕೊನೆಗೆ ಮೇಡಂ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ ನಕ್ಕರು. ಔಷಧಿಯಿಲ್ಲದ ತಟ್ಟೆಗಳಲ್ಲಿ ಹುಲ್ಲುಗಾವಲು. ಔಷಧಿಯಿದ್ದಲ್ಲಿ ಏನೂ ಇಲ್ಲ. ಗುಲ್ಲು ಸುಳ್ಳಾಗಿತ್ತು. ಎದೆಯ ಮೇಲಿನ ಭಾರ ಇಳಿದು, ಮೆಟ್ರೋ ಹತ್ತಿದವನೇ ಸುಮಂಗಲಾಗೆ ಫೋನು ಹಚ್ಚಿದೆ. "ಎಲ್ಲಾ ಸತ್ತಾವ! ಒಂದೂ ಉಳಿದಿಲ್ಲ! ನಾನೇ ಔಷಧಿ ಹಾಕಿದ್ದೆ!" ಎಂದು ಖುಷಿಯಿಂದ ಕೂಗಿದೆ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಮೆಲ್ಲಗೆ ಎದ್ದು ಬಾಗಿಲ ಬಳಿ ಹೋಗಿ ನಿಂತರು. ಕನ್ನಡದವರೇ ಇರಬೇಕು.