ಪಾರ್ಕಿನ ರೇಡಿಯೋ ಬಿದ್ದ ಸಂಜೆ

ಸಂಜೆ ಆರು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನ ಕೈಗಡಿಯಾರ ಕಾರಣವಲ್ಲ. ಅದು ಮದುವೆಯಲ್ಲಿ ಮಾವನವರು ಕೊಟ್ಟದ್ದು. ಮನಸ್ಸು ಬಂದಾಗ ನಡೆಯುತ್ತದೆ. ಸಮಯ ಹೇಳಿದ್ದು ರೇಡಿಯೋ. ‘ಈಗ ಸಮಯ ಆರು ಗಂಟೆ ನಲವತ್ತು ನಿಮಿಷ’ ಎಂದು ವಾರ್ತೆ ಓದುವಾಕೆ ಹೇಳಿ ಮುಗಿಸುವುದಕ್ಕೂ, ಆ ಮಾತನ್ನು ನಮಗೆ ಮುಟ್ಟಿಸುತ್ತಿದ್ದ ಕಬ್ಬಿಣದ ಸ್ಪೀಕರ್ ಕಂಬದಿಂದ ಕಳಚಿಕೊಂಡು ಕೆಳಗಿನ ಕಲ್ಲುಬೆಂಚಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಅನಾಹುತಗಳು ಎಲ್ಲರ ಬಾಳಿನಲ್ಲೂ ಆಗುತ್ತವೆ. ಸರ್ಕಾರವೇ ಗಂಟೆ ನಿಮಿಷ ಸಮೇತ ದೃಢೀಕರಿಸಿದ ಅನಾಹುತ ನಾನು ಕಂಡದ್ದು ಅದೊಂದೇ.

ರಾಜಾಜಿನಗರದ ನಮ್ಮ ಮನೆಗೂ ಪಾರ್ಕಿಗೂ ನಡುವೆ ಒಂದು ರಸ್ತೆ ಮಾತ್ರ. ನಾನು ಕಿಟಕಿಯ ಸರಳು ಹಿಡಿದು ಕಾಫಿ ಕುಡಿಯುತ್ತಾ ನಿಂತಿದ್ದೆ. ಆದ್ದರಿಂದ ಪೂರ್ತಿ ನೋಡಿದೆ. ಬೆಂಚು ಎರಡು ತುಂಡಾಯಿತು. ಆ ಬೆಂಚಿನ ಮೇಲೆ, ಅದೇ ಜಾಗದಲ್ಲಿ, ಒಂದು ಉಸಿರಿಗೆ ಮುಂಚೆ ನಂಜುಂಡಯ್ಯನವರು ಕೂತಿದ್ದರು. ಅವರು ಏಳದೇ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ನಾನು ಅಲ್ಲಿಂದಾಚೆಗೆ ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೇನೆಂದರೆ, ನಿಜವಾಗಿ ನಡೆದದ್ದಕ್ಕಿಂತ ನಡೆಯದೇ ಹೋದದ್ದೇ ನನಗೆ ಹೆಚ್ಚು ಸ್ಪಷ್ಟವಾಗಿ ನೆನಪಿದೆ.

ಪಾರ್ಕಿನ ರೇಡಿಯೋ ಎಂದರೆ ಏನೆಂದು ಮುಂದೆ ಯಾರಾದರೂ ಕೇಳಬಹುದು. ಎಲ್ಲರ ಮನೆಯಲ್ಲೂ ರೇಡಿಯೋ ಇಲ್ಲ. ಇದ್ದವರು ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಅದಕ್ಕೆ ಲೈಸೆನ್ಸ್ ಮಾಡಿಸಬೇಕು. ಇಲ್ಲದವರಿಗಾಗಿ ನಗರಸಭೆಯವರು ಪಾರ್ಕಿನಲ್ಲಿ ಸಿಮೆಂಟಿನ ಒಂದು ಗೂಡು ಕಟ್ಟಿಸಿ, ಒಳಗೆ ರೇಡಿಯೋ ಇಟ್ಟು, ಪಕ್ಕದ ಕಂಬದ ಮೇಲೆ ದತ್ತೂರಿ ಹೂವಿನ ಆಕಾರದ ಸ್ಪೀಕರ್ ಕೂರಿಸಿದ್ದಾರೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಲಿ ಬಂದು ಗೂಡಿನ ಬೀಗ ತೆಗೆದು ರೇಡಿಯೋ ಹಾಕುತ್ತಾನೆ. ಬಿನ್ನಿಪೇಟೆಯ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವರು, ಮಕ್ಕಳನ್ನು ಜಾರುಬಂಡೆಗೆ ಬಿಟ್ಟ ತಾಯಂದಿರು, ಪಿಂಚಣಿಯವರು, ಎಲ್ಲರೂ ಹುಲ್ಲಿನ ಮೇಲೆ ಕೂತು ಕೇಳುತ್ತಾರೆ.

ನಂಜುಂಡಯ್ಯನವರೂ ದಿನಾ ಬರುತ್ತಿದ್ದರು. ಲೆಕ್ಕಪತ್ರದ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಮನೆಯಲ್ಲಿ ಒಳ್ಳೆಯ ರೇಡಿಯೋ ಇತ್ತು. ಪಾರ್ಕಿಗೆ ಬರುತ್ತಿದ್ದುದು ಪಾರ್ಕಿನ ರೇಡಿಯೋ ಇರಬಾರದು ಎಂದು ಹೇಳುವುದಕ್ಕೆ.

“ಮನೆ ರೇಡಿಯೋಗೆ ಲೈಸೆನ್ಸ್ ಕಟ್ತೀನಿ. ಮೇಲೆ ಕಂದಾಯನೂ ಕಟ್ತೀನಿ. ಒಂದೇ ವಾರ್ತೆಗೆ ಎರಡು ಸಲ ಯಾಕ್ರೀ ದುಡ್ಡು ಕೊಡ್ಬೇಕು?” ಎನ್ನುತ್ತಿದ್ದರು.

ಇದಕ್ಕೆ ಉತ್ತರ ಕೊಡುತ್ತಿದ್ದವರು ಮುನಿಯಪ್ಪನವರು. ನಮ್ಮ ಬಡಾವಣೆ ಆಗುವ ಮೊದಲು ಇಲ್ಲಿ ಅವರ ಗದ್ದೆಯಿತ್ತು. ಈಗ ನಾಲ್ಕು ಬಾಡಿಗೆ ಮನೆ, ಮೂರು ಹಸು. “ರಸ್ತೆ ದೀಪಕ್ಕೂ ಹಂಗೇ ಅಂತೀರಾ ಸಾರ್? ನಿಮ್ಮನೇಲಿ ಲೈಟ್ ಐತೆ ಅಂತ ಬೀದೀದು ಆರ್ಸಾಕಾಯ್ತದಾ?” ಎಂದು ಕೇಳುತ್ತಿದ್ದರು.

“ದೀಪ ಸುಳ್ಳು ಹೇಳಲ್ಲ ಮುನಿಯಪ್ಪ. ಇದು ಸರ್ಕಾರದ ದುಡ್ಡಲ್ಲಿ ಸರ್ಕಾರನೇ ಹೊಗಳತ್ತೆ.”

“ಸರಿ, ವಾರ್ತೆ ನಿಮ್ದು, ಬಯ್ಕೊಳ್ಳಿ. ರೈತರ ಕಾರ್ಯಕ್ರಮ ನಂದು. ಅದಕ್ಕೆ ಬಾಯಿ ಹಾಕ್ಬೇಡಿ.”

ಇಂಥ ಹೊತ್ತಿನಲ್ಲಿ ನಾನು ಸುಮ್ಮನಿರಬೇಕಾಗಿತ್ತು. ಆದರೆ ಕಾಲೇಜಿನಲ್ಲಿದ್ದಾಗ, ಪ್ರಸಾರದ ಖರ್ಚನ್ನು ತೆರಿಗೆಯಿಂದ ಭರಿಸಬೇಕೆ ಎಂಬ ಚರ್ಚಾಸ್ಪರ್ಧೆಯಲ್ಲಿ ‘ಭರಿಸಬೇಕು’ ಎಂದು ವಾದಿಸಿ ನನಗೆ ಎರಡನೆಯ ಬಹುಮಾನ ಬಂದಿತ್ತು. ಮೊದಲನೆಯದು ‘ಬೇಡ’ ಎಂದವನಿಗೆ ಹೋಯಿತು. ಆ ಸೋಲನ್ನು ಸರಿಪಡಿಸಿಕೊಳ್ಳಲು ನನಗೆ ಆ ಪಾರ್ಕು ಸಿಕ್ಕಿತ್ತು. “ಕಂದಾಯ ಕಟ್ಟೋ ನಾವೆಲ್ಲ ಮೋರಿಗೆ ಮಾತ್ರ ಅಲ್ಲ ಸಾರ್, ಮಾತಿಗೂ ಕೊಡಬೇಕು” ಎಂದು ಶುರುಮಾಡಿದರೆ ನನ್ನ ಹೆಂಡತಿ ಸುಶೀಲ ನಮ್ಮ ಕಿಟಕಿಯಿಂದ ಸಾರು ಆರುತ್ತಿದೆ ಎಂದು ಕರೆಯುವವರೆಗೂ ನಿಲ್ಲಿಸುತ್ತಿರಲಿಲ್ಲ.

ಸ್ಪೀಕರ್ ಬಿದ್ದದ್ದು ಏಕೆ ಎಂದರೆ, ಅದು ನಮ್ಮ ಬೀದಿಯವರ ಒಂದು ಪದ್ಧತಿಯಿಂದ. ಪಾರ್ಕಿನ ಪೂರ್ವದ ಸಾಲಿನವರಿಗೆ ಸದ್ದು ಹೆಚ್ಚು, ಪಶ್ಚಿಮದವರಿಗೆ ಏನೂ ಕೇಳದು. ಯಾರೂ ಯಾರ ಮೇಲೂ ದೂರು ಕೊಡುತ್ತಿರಲಿಲ್ಲ, ಅಷ್ಟು ಸಭ್ಯರು. ನುಗ್ಗೆಕಾಯಿ ಕೀಳುವ ಗಳ ತಂದು ಸ್ಪೀಕರಿನ ಬಾಯನ್ನು ಮೆಲ್ಲಗೆ ಆ ಕಡೆಗೆ ನೂಕಿ ಹೋಗುತ್ತಿದ್ದರು. ಮಾರನೆಯ ದಿನ ಆ ಕಡೆಯವರು ಈ ಕಡೆಗೆ. ಮಗು ಮಲಗಿದರೆ ಒಂದು ದಿಕ್ಕು, ಹಾಡಿನ ಕಾರ್ಯಕ್ರಮವಿದ್ದರೆ ಇನ್ನೊಂದು ದಿಕ್ಕು. ನಮ್ಮ ಮನೆಯ ಗಳವೂ ಹೋಗಿ ಬರುತ್ತಿತ್ತು. ಹೀಗೆ ಇಡೀ ಬಡಾವಣೆ ಸೇರಿ ವರ್ಷಾನುಗಟ್ಟಲೆ ಸ್ಪೀಕರನ್ನು ಕಂಬಕ್ಕೆ ಹಿಡಿದಿದ್ದ ತಿರುಪನ್ನು ಸಡಿಲ ಮಾಡಿತು. ಬೀಳಲು ಸ್ಪೀಕರ್ ಆರಿಸಿಕೊಂಡದ್ದು ಮಾತ್ರ ಆ ಸಂಜೆಯನ್ನು.

ನಂಜುಂಡಯ್ಯನವರು ಉಳಿದದ್ದೂ ಪದ್ಧತಿಯಿಂದಲೇ. ವಾರ್ತೆ ಶುರುವಾದ ಕೂಡಲೇ ಅವರು ಎದ್ದು ಗೂಡಿನ ಹತ್ತಿರ ಹೋಗಿ, “ಸ್ವಲ್ಪ ಕಮ್ಮಿ ಮಾಡಪ್ಪ, ನಮ್ಮ ದುಡ್ಡು ಕೂಗ್ತಾ ಇದೆ” ಎಂದು ಮಾಲಿಗೆ ಹೇಳುತ್ತಿದ್ದರು. ಅವತ್ತೂ ಹೇಳಲು ಎದ್ದರು. ಎರಡು ಹೆಜ್ಜೆ ಇಟ್ಟರು. ಹಿಂದೆ ಬೆಂಚು ಒಡೆಯಿತು. ಅವರು ತಿರುಗಿ ನೋಡಿ, ಪಂಚೆಯ ಮೇಲಿನ ಧೂಳು ಕೊಡವಿಕೊಂಡು, “ಈಗ ಕಮ್ಮಿ ಆಯ್ತು” ಎಂದು ಮನೆಗೆ ಹೋದರು. ಆ ರಾತ್ರಿ ಚೆನ್ನಾಗಿ ಊಟ ಮಾಡಿ ನಿದ್ದೆ ಹೋದರಂತೆ.

ನಿದ್ದೆ ಬಾರದಿದ್ದದ್ದು ನನಗೆ. ಕಣ್ಣು ಮುಚ್ಚಿದರೆ ವಾರ್ತೆ ಓದುವಾಕೆಯ ಶಾಂತವಾದ ದನಿ, ಆಮೇಲೆ ಆ ಸದ್ದು. ಒಂದು ಸಲ ನಂಜುಂಡಯ್ಯನವರು ಏಳುತ್ತಿದ್ದರು, ಇನ್ನೊಂದು ಸಲ ಚಪ್ಪಲಿ ಸಿಗದೆ ತಡವರಿಸುತ್ತಿದ್ದರು. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂರಲು ಆಗುತ್ತಿರಲಿಲ್ಲ. ಮೇಜನ್ನು ಗೋಡೆಗೆ ಸರಿಸಿಕೊಂಡೆ. ಸುಶೀಲ ಬಿಸಿ ಹಾಲು ಕೊಟ್ಟಳು, ತಲೆಗೆ ಹರಳೆಣ್ಣೆ ಒತ್ತಿದಳು, ಕೊನೆಗೆ, “ಬಿದ್ದಿದ್ದು ಅವರ ಪಕ್ಕ. ಪೆಟ್ಟು ನಿಮಗಾಗಿದೆ. ಇದೆಂಥದು ರೀ?” ಎಂದು ಕೇಳಿದಳು. ಎಣ್ಣೆ ಇಳಿಯುತ್ತಿದ್ದ ಮುಖ ಹೊತ್ತು ನಾನೂ ಅದನ್ನೇ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ನಗರಸಭೆಯ ಎಂಜಿನಿಯರು ಬಂದು ಕಂಬವನ್ನೂ ಬೆಂಚನ್ನೂ ನೋಡಿದರು. “ನಿಮ್ಮ ಜನಕ್ಕೆ ಬೇಕು ಅಂದ್ರೆ ಹೊಸದು ಹಾಕಿಸ್ತೀವಿ. ಬೇಡ ಅಂದ್ರೆ ಆ ದುಡ್ಡಲ್ಲಿ ಪಾರ್ಕಿಗೆ ಮುಳ್ಳುತಂತಿ. ಆದ್ರೆ ಪೆಟ್ಟು ತಪ್ಪಿಸ್ಕೊಂಡ ಆ ಯಜಮಾನ್ರು ಬೇಡ ಅಂದ್ಬಿಟ್ರೆ ಮುಗೀತು, ನಾನು ಮುಟ್ಟಲ್ಲ” ಎಂದು ಹೇಳಿ ಸ್ಕೂಟರ್ ಹತ್ತಿದರು. ಅಂದರೆ ರೇಡಿಯೋ ಇರುವುದೂ ಹೋಗುವುದೂ ನಂಜುಂಡಯ್ಯನವರ ಒಂದು ಮಾತಿನಲ್ಲಿತ್ತು. ಇಷ್ಟು ವರ್ಷ ಅವರು ಏನು ಹೇಳುತ್ತಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

ಮುನಿಯಪ್ಪನವರು ಮಾತ್ರ ಸಂಜೆ ಆರಕ್ಕೆ ಬಂದು ಬರಿಯ ಕಂಬದ ಎದುರು ಕೂರುತ್ತಿದ್ದರು. ನಿಮ್ಮ ಮನೆಯಲ್ಲಿ ರೇಡಿಯೋ ಇಲ್ಲವೇ ಎಂದು ಕೇಳಿದೆ.

“ಐತೆ ಸಾರ್. ಭತ್ತದ ಮಾತು ಬಂದ್ರೆ ಸೊಸೆ ಅದ್ರ ಕಿವಿ ತಿರುಪಿ ಆರ್ಸ್ತಾಳೆ.”

“ಭತ್ತ ಈಗ ಎಲ್ಲಿದೆ ಮುನಿಯಪ್ಪನೋರೆ?”

“ನಿಮ್ ಬಚ್ಚಲುಮನೆ ಇರೋ ಕಡೆ ಇತ್ತು. ಒಬ್ನೇ ಕೂತು ಕೇಳಿದ್ರೆ ಗದ್ದೆ ಹೋಯ್ತು ಅನ್ನಿಸ್ತದೆ. ಇಲ್ಲಿ ನಾಲ್ಕ್ ಜನದ ಜೊತೆ ಕೇಳಿದ್ರೆ ಇನ್ನೂ ಐತೆ ಅನ್ನಿಸ್ತದೆ.” ಬರಿಯ ಕಂಬದ ಕಡೆ ನೋಡಿ, “ಅಯ್ನೋರಿಗೆ ನೀವೊಂದ್ ಮಾತು ಹೇಳಿ ಸಾರ್. ಓದಿದೋರು” ಎಂದರು.

ಹೋದೆ. ಆದರೆ ನಾನು ಹೋದದ್ದು ಬೇರೆ ಮಾತು ಹೇಳುವುದಕ್ಕೆ. ಆ ಕಂಬದ ಮೇಲೆ ಮತ್ತೆ ಏನಾದರೂ ನೇತಾಡಿದರೆ ನನ್ನ ಗತಿಯೇನು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಂಜುಂಡಯ್ಯನವರ ಎದುರು ನಿಂತು, ಸಾರ್ವಜನಿಕರ ಹಣ, ಸಾರ್ವಜನಿಕರ ತಲೆ, ಎರಡರ ದೃಷ್ಟಿಯಿಂದಲೂ ಪಾರ್ಕಿನ ರೇಡಿಯೋ ಅನಗತ್ಯವೆಂದು ವಾದಿಸಿದೆ. ಆವತ್ತು ಕಾಲೇಜಿನಲ್ಲಿ ಮೊದಲನೆಯ ಬಹುಮಾನ ಪಡೆದವನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಷ್ಟೂ ನೆನಪಿದ್ದದ್ದು ನನಗೇ ಆಶ್ಚರ್ಯ.

ಅವರು ಪೂರ್ತಿ ಕೇಳಿದರು. “ಒಳಗೆ ನೋಡಿ” ಎಂದರು. ನಡುಮನೆಯ ಸ್ಟ್ಯಾಂಡಿನ ಮೇಲೆ ಅವರ ರೇಡಿಯೋ, ಅದರ ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಗಾಜಿನ ನವಿಲು. “ನವಿಲು ಇಳಿಸಿ, ಬಟ್ಟೆ ತೆಗೆದು, ಹಾಕ್ಬೇಕು. ಹಾಕಿದೆ ಮೊನ್ನೆ. ವಾರ್ತೆ ಬಂತು. ಬಯ್ದೆ. ನಮ್ಮನೆಯವಳು ಬಂದು, ನಿಮ್ಮ ರೇಡಿಯೋ, ಬೇಡದಿದ್ರೆ ಆರ್ಸಿ, ಯಾಕೆ ಕೂಗ್ತೀರಿ ಅಂದಳು.”

“ಸರಿಯಾಗೇ ಹೇಳಿದ್ದಾರಲ್ಲ ಸಾರ್.”

“ಏನ್ರೀ ಸರಿ? ನನ್ನ ವಸ್ತು ಮೇಲೆ ನಾನೇ ರೇಗೋಕಾಗತ್ತಾ? ಪಾರ್ಕಿಂದು ಹಂಗಲ್ಲ. ಎಲ್ಲರ ದುಡ್ಡು ಬಿದ್ದಿದೆ, ನಂದೂ ಬಿದ್ದಿದೆ. ತಪ್ಪು ಹೇಳಿದ್ರೆ ನಾಲ್ಕು ಜನದ ಎದುರು ಎದ್ದು ನಿಂತು ತಪ್ಪು ಅನ್ಬಹುದು. ಯಾವನೋ ಸೋಪು ಮಾರೋನು ಪುಕ್ಕಟೆ ರೇಡಿಯೋ ಕೇಳ್ಸಿದ್ರೆ ಏನಂತ ಬಯ್ಯೋದು? ಲೈಸೆನ್ಸ್ ಕಟ್ಟೋದು ಕೇಳೋದಕ್ಕೆ. ಕಂದಾಯ ಕಟ್ಟೋದು ಕೇಳಿ ಆಕ್ಷೇಪಿಸೋದಕ್ಕೆ.”

“ನಿಮ್ಮ ಪಕ್ಕದಲ್ಲೇ ಬಿತ್ತಲ್ಲ ಸಾರ್” ಎಂದೆ.

ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ನನ್ನನ್ನು ನೋಡಿದರು. “ನೀವು ಮಲಗಿಲ್ಲ ಅಲ್ವೇ? ಕೂತ್ಕೊಳ್ಳಿ” ಎಂದು ಮೊರವನ್ನು ನನ್ನ ಕಡೆಗೆ ತಳ್ಳಿದರು. ಇಬ್ಬರೂ ಅವರೆಕಾಯಿ ಬಿಡಿಸಿದೆವು. ಹೊರಡುವಾಗ, “ಹಾಕಿಸ್ರಯ್ಯಾ ಅಂತ ನಾನೇ ಹೇಳ್ತೀನಿ. ಒಂದು ಷರತ್ತು. ಅದು ಅಲ್ಲಾಡಬಾರದು” ಎಂದರು.

ಹೊಸ ಸ್ಪೀಕರ್ ಬಂತು. ನಂಜುಂಡಯ್ಯನವರು ಕೊಡೆ ಹಿಡಿದು ಬಿಸಿಲಿನಲ್ಲಿ ನಿಂತು, ಅದನ್ನು ಕಂಬಕ್ಕೆ ಬೆಸುಗೆ ಹಾಕಿಸಿದರು. ಇನ್ನು ಯಾರ ಗಳಕ್ಕೂ ಅದು ಬಗ್ಗುವುದಿಲ್ಲ. ಬೆಸುಗೆಯಾದ ಮೇಲೆ ನೋಡಿದರೆ ಅದರ ಬಾಯಿ ನೇರವಾಗಿ ನಮ್ಮ ಮಲಗುವ ಕೋಣೆಯ ಕಿಟಕಿಗಿತ್ತು. ಆ ಶನಿವಾರ ಸಂಜೆ ನಾನು ಸರಳು ಹಿಡಿದು ನಿಂತೆ. ‘ಈಗ ಸಮಯ ಆರು ಗಂಟೆ ನಲವತ್ತು ನಿಮಿಷ’ ಎಂದಿತು. ಹೊಸ ಬೆಂಚಿನಿಂದ ನಂಜುಂಡಯ್ಯನವರು ಎದ್ದರು, ಗೂಡಿನ ಹತ್ತಿರ ಹೋದರು, “ಸ್ವಲ್ಪ ಕಮ್ಮಿ ಮಾಡಪ್ಪ” ಎಂದರು, ವಾಪಸ್ಸು ಬಂದು ಅದೇ ಜಾಗದಲ್ಲಿ ಕೂತರು. ಬೆಂಚು ಹಾಗೇ ಇತ್ತು. ವಾರ್ತೆ ಮುಗಿದು ಭತ್ತದ ಬೆಂಕಿರೋಗದ ಮಾತು ಬಂದಾಗ ಮುನಿಯಪ್ಪನವರು ಸುತ್ತ ಇದ್ದವರಿಗೆಲ್ಲ ಸುಮ್ಮನಿರಲು ಕೈ ತೋರಿಸಿದರು. ಗೊಬ್ಬರದ ಪ್ರಮಾಣದವರೆಗೆ ಕೇಳಿದ್ದು ನೆನಪಿದೆ.

ಕಣ್ಣು ಬಿಟ್ಟಾಗ ಭಾನುವಾರ, ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಊಟ ಮಾಡಿದ್ದೂ ನೆನಪಿಲ್ಲ. ಬೆಳಗಿನ ವಾರ್ತೆ ಕಿಟಕಿಯಲ್ಲೇ ಕೂಗಿ ಮುಗಿದಿತ್ತು. “ನನ್ನ ಕಂದಾಯದ ದುಡ್ಡಲ್ಲಿ ಬರೋ ವಾರ್ತೆ, ನಾನೇ ಕೇಳಲಿಲ್ಲ. ಎಬ್ಬಿಸಬಾರದಿತ್ತೇನೇ?” ಎಂದು ಸುಶೀಲಳ ಮೇಲೆ ರೇಗಿದೆ.

ಅವಳು ಕಾಫಿ ಮುಂದಿಟ್ಟಳು. “ನಾವು ಬಾಡಿಗೆಯವರು ರೀ. ಕಂದಾಯ ಕಟ್ಟೋರು ಮನೆ ಓನರು. ಆಕ್ಷೇಪಣೆ ಅವರು ಮಾಡ್ಕೊಳ್ತಾರೆ, ನೀವು ಮಲಗಿ” ಎಂದಳು.

ನಾನು ಮಲಗಿದೆ.